ಕತ್ತರಿ ಕೆಳಗಿಡು, ಮೊದಲು ಮರ ನೋಡು

ಮನೆ ಕೊಂಡೆ, ಬಹಳ ಸಂತೋಷ. ಗೃಹಪ್ರವೇಶದ ಹೋಳಿಗೆಯೂ ಚೆನ್ನಾಗಿತ್ತು. ಹಾಲು ಉಕ್ಕಿಸಿ ಇನ್ನೂ ತಿಂಗಳಾಗಿಲ್ಲ, ಆಗಲೇ ಅಂಗಳಕ್ಕೆ ಮರ ತರಬೇಕು ಅಂತ ಹೊರಟಿದ್ದೀಯ. ಎಂಥ ಮರ? ಎಲ್ಮ್. ಯಾವಾಗ? ಈ ಶನಿವಾರ. ಭಾನುವಾರ ಅದರ ಫೋಟೋ ಊರಿಗೆ ಹೋಗಬೇಕು, ನಿಮ್ಮಮ್ಮ ನೋಡಿ ಮೆಚ್ಚಬೇಕು. ಮರಕ್ಕೆ ಉಯ್ಯಾಲೆ ಕಟ್ಟೋದಕ್ಕೆ ಹಗ್ಗ ಬೇರೆ ಆರ್ಡರ್ ಮಾಡಿದ್ದೀಯಂತೆ. ಕೂಸು ಹುಟ್ಟೋ ಮುಂಚೆ ಕುಲಾವಿ! ನಿನ್ನ ಉತ್ಸಾಹಕ್ಕೆ ತಣ್ಣೀರು ಎರಚೋದು ನನ್ನ ಉದ್ದೇಶ ಅಲ್ಲ ಕಣಪ್ಪ. ಆದರೆ ಈ ನ್ಯೂಜೆರ್ಸಿಯ ಮಣ್ಣಿನಲ್ಲಿ ಕೈಯಾಡಿಸಿಯೇ ಕೂದಲು ಹಣ್ಣಾದವಳು ನಾನು. ನಾಲ್ಕು ಮಾತು ಕೇಳಿಸಿಕೊಂಡು ಆಮೇಲೆ ನರ್ಸರಿಗೆ ಹೋಗು.

ಈ ಆಸೆ ನಿನಗೆ ಎಲ್ಲಿ ಹತ್ತಿಕೊಂಡಿತು ಅಂತ ಬಲ್ಲೆ. ರೂಟ್ ಒಂದರಿಂದ ವಾಷಿಂಗ್ಟನ್ ರೋಡಿಗೆ ತಿರುಗಿ ಪ್ರಿನ್ಸ್‌ಟನ್ ಕಡೆ ಹೋಗುವಾಗ ಎರಡೂ ಬದಿಗೆ ಎಲ್ಮ್ ಸಾಲು ಸಿಗುತ್ತದಲ್ಲ, ಅಲ್ಲೇ. ಹೊಸದಾಗಿ ಬಂದ ನಮ್ಮವರೆಲ್ಲ ಅಲ್ಲಿ ಕಾರು ನಿಧಾನ ಮಾಡುತ್ತಾರೆ. ಕಾಂಡ ನೆಟ್ಟಗೆ ಎದ್ದು, ಸಾಕಷ್ಟು ಮೇಲೆ ಹೋದಮೇಲೆ ಕವಲೊಡೆದು, ಆಚೆ ಸಾಲಿನ ಕೊಂಬೆ ಈಚೆ ಸಾಲಿನ ಕೊಂಬೆಗಳು ರಸ್ತೆಯ ಮೇಲೆ ಒಂದನ್ನೊಂದು ಮುಟ್ಟುತ್ತವೆ. 1920ರ ದಶಕದಲ್ಲಿ ನೆಟ್ಟ ಮರಗಳು ಅವು. ರಸ್ತೆ ಅಗಲ ಮಾಡುತ್ತೇವೆ ಅಂತ ನಮ್ಮ ಊರುಗಳಲ್ಲಿ ಉರುಳಿಸಿದ ಸಾಲುಮರಗಳು ನೆನಪಾಗಿ ನನಗಂತೂ ಆ ದಾರಿಯಲ್ಲಿ ಹೊಟ್ಟೆ ಉರಿಯುತ್ತದೆ. ಅದಿರಲಿ.

ಆ ತಳಿಯ ಹೆಸರೂ ಪ್ರಿನ್ಸ್‌ಟನ್ ಅಂತಲೇ. ಪ್ರಿನ್ಸ್‌ಟನ್ ನರ್ಸರಿಯ ವಿಲಿಯಂ ಫ್ಲೆಮರ್ 1922ರಲ್ಲಿ ಅಮೆರಿಕನ್ ಎಲ್ಮ್‌ಗಳ ನಡುವೆ ಒಂದನ್ನು ಅದರ ಮೈಕಟ್ಟು ನೋಡಿ ಆರಿಸಿದರು. ಬೀದಿ ಬದಿಗೆ ಚೆಂದ ಕಾಣುತ್ತದೆ ಅಂತ, ಅಷ್ಟೆ. ಅದೇ ವರ್ಷ ಅತ್ತ ಹಾಲೆಂಡಿನಲ್ಲಿ ಬೀ ಶ್ವಾರ್ಟ್ಸ್ ಎಂಬ ಹೆಣ್ಣುಮಗಳು, ಯುರೋಪಿನ ಎಲ್ಮ್‌ಗಳು ಒಣಗಿ ಸಾಯುತ್ತಿರುವುದು ಒಂದು ಶಿಲೀಂಧ್ರದಿಂದ ಎಂದು ಪ್ರಬಂಧ ಬರೆದಳು. ಅನೇಕರು ಒಪ್ಪಲಿಲ್ಲ. 1927ರಲ್ಲಿ ಕ್ರಿಸ್ಟೀನ್ ಬೌಸ್ಮನ್ ಎಂಬ ಇನ್ನೊಬ್ಬಳು ಅದನ್ನು ಸಾಧಿಸಿ ತೋರಿಸಿದಮೇಲೆ ವಾದ ನಿಂತಿತು. ಪೀಠೋಪಕರಣಕ್ಕೆಂದು ಯುರೋಪಿನಿಂದ ಹಡಗಿನಲ್ಲಿ ತಂದ ಎಲ್ಮ್ ದಿಮ್ಮಿಗಳ ಜೊತೆ ಆ ರೋಗ ಅಮೆರಿಕಕ್ಕೂ ಬಂತು. 1930ರಲ್ಲಿ ಓಹಾಯೊದಲ್ಲಿ ಕಾಣಿಸಿಕೊಂಡಿತು, ಸ್ವಲ್ಪ ವರ್ಷಗಳಲ್ಲೇ ನಮ್ಮ ನ್ಯೂಜೆರ್ಸಿಗೂ ಕಾಲಿಟ್ಟಿತು. ಆಮೇಲಿನದು ಬರೀ ಸಾವಿನ ಲೆಕ್ಕ. ಬೀದಿಗೆ ಬೀದಿಯೇ ಬೋಳಾದ ಊರುಗಳಿವೆ. ಆದರೆ ಫ್ಲೆಮರ್ ಆರಿಸಿದ ತಳಿ ಬಹುಮಟ್ಟಿಗೆ ತಡೆದುಕೊಂಡಿತು. ಹೆಣ್ಣು ನೋಡಲು ಹೋದವನು ರೂಪ ನೋಡಿ ಒಪ್ಪಿ, ಗುಣ ಆಮೇಲೆ ಗೊತ್ತಾಗಿ ಗೆದ್ದ ಹಾಗೆ. ಎಲ್ಲರಿಗೂ ಅಂಥ ಅದೃಷ್ಟ ಇರುವುದಿಲ್ಲ, ಆದ್ದರಿಂದ ನೀನು ಮೊದಲೇ ವಿಚಾರಿಸಿ ತಗೋ. ನರ್ಸರಿಯಲ್ಲಿ ಬರೀ 'ಅಮೆರಿಕನ್ ಎಲ್ಮ್' ಅಂತ ಚೀಟಿ ಇದ್ದರೆ ಮುಟ್ಟಬೇಡ. ತಳಿಯ ಹೆಸರು ಕೇಳು. ಪ್ರಿನ್ಸ್‌ಟನ್, ವ್ಯಾಲಿ ಫೋರ್ಜ್, ಜೆಫರ್ಸನ್ ಇವು ರೋಗ ತಡೆಯುವಂಥವು. ವೈಟ್‌ಹೌಸ್ ಮುಂದಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲೂ ಪ್ರಿನ್ಸ್‌ಟನ್ ನೆಟ್ಟಿದ್ದಾರೆ. ಹಾಗಂತ ಇವಕ್ಕೆ ರೋಗ ಬರುವುದೇ ಇಲ್ಲ ಅಂತಲ್ಲ. ತಡೆದುಕೊಳ್ಳುತ್ತವೆ ಅಂತ ಅಷ್ಟೆ.

ಈಗ ನಿನ್ನ ಅಂಗಳದ ಮಾತು. ಕಾಲು ಎಕರೆ ಅಂತ ಹೇಳಿಕೊಂಡು ತಿರುಗುತ್ತೀಯ. ಮನೆ ಕಳೆ, ಗ್ಯಾರೇಜು ಕಳೆ, ಡ್ರೈವ್‌ವೇ ಕಳೆ, ಹಿಂದುಗಡೆ ಡೆಕ್ ಕಟ್ಟಿಸಬೇಕು ಅಂತ ನಿನ್ನ ಹೆಂಡತಿ ಹಾಕಿರುವ ಲೆಕ್ಕವನ್ನೂ ಕಳೆ. ಎಷ್ಟು ಉಳಿಯಿತು? ಪ್ರಿನ್ಸ್‌ಟನ್ ಎಲ್ಮ್ ಅರವತ್ತು ಎಪ್ಪತ್ತು ಅಡಿ ಎತ್ತರ ಹೋಗುತ್ತದೆ, ಅಡ್ಡಡ್ಡ ನಲವತ್ತೈವತ್ತು ಅಡಿ ಹರಡುತ್ತದೆ. ಎಳೆಯದರಲ್ಲಿ ವರ್ಷಕ್ಕೆ ಮೂರು ಅಡಿ ಬೆಳೆದರೂ ಆಶ್ಚರ್ಯವಿಲ್ಲ. ಈಗ ನಿನ್ನ ಭುಜದ ಎತ್ತರ ಇದೆ ಅಂತ ಮಲಗುವ ಕೋಣೆಯ ಕಿಟಕಿ ಪಕ್ಕಕ್ಕೆ ನೆಟ್ಟೀಯೆ, ಹುಷಾರು. ಮನೆ ಗೋಡೆಯಿಂದ ಮೂವತ್ತು ಅಡಿಯಾದರೂ ದೂರ ಬಿಡು. ಮೇಲೆ ಕರೆಂಟ್ ತಂತಿ ಇರಬಾರದು. ಇದ್ದರೆ ಕಂಪನಿಯವರು ಬಂದು ನಡುನೆತ್ತಿಯನ್ನೇ ಕೊರೆದು ಹೋಗುತ್ತಾರೆ. ಅಂಥ ಮರ ನೋಡಿದ್ದೀಯಲ್ಲ, ದಾರಿಯುದ್ದಕ್ಕೂ ಇವೆ. ತಂತಿ ಹೋಗಲು ದಾರಿ ಬಿಟ್ಟುಕೊಂಡು ಎರಡು ಕಡೆಗೆ ಸೀಳಿದಂತೆ ನಿಂತಿರುತ್ತವೆ.

ಫುಟ್‌ಪಾತಿಗೂ ರಸ್ತೆಗೂ ನಡುವೆ ಒಂದು ಪಟ್ಟಿ ಹುಲ್ಲು ಇದೆಯಲ್ಲ, ಅಲ್ಲಿ ಹಾಕುತ್ತೇನೆ ಅಂತೀಯ. ಹುಲ್ಲು ಕತ್ತರಿಸೋದು ನೀನೇ ಆದರೂ ಆ ಜಾಗದ ಮಾತು ನಿನ್ನದಲ್ಲ. ಇಲ್ಲಿ ಹೆಚ್ಚಿನ ಊರುಗಳಲ್ಲಿ ಶೇಡ್ ಟ್ರೀ ಕಮಿಷನ್ ಅಂತ ಇರುತ್ತದೆ. ಅವರನ್ನು ಕೇಳದೆ ಬೀದಿ ಬದಿಯಲ್ಲಿ ನೆಡೋದೂ ತಪ್ಪು, ಕಡಿಯೋದೂ ತಪ್ಪು. ಕೇಳಿದರೆ ಒಳ್ಳೆಯದೇ ಆಗುತ್ತದೆ. ಯಾವ ಮರ ಆ ಬೀದಿಗೆ ಸರಿ ಅಂತ ಅವರೇ ಹೇಳುತ್ತಾರೆ.

ಜಾಗ ಸಾಲದು ಅನ್ನಿಸಿದರೆ ಲೇಸ್‌ಬಾರ್ಕ್ ಎಲ್ಮ್ ನೋಡು. ಚೀನಾ ಕಡೆಯದು. ನಲವತ್ತೈವತ್ತು ಅಡಿಯಲ್ಲಿ ನಿಲ್ಲುತ್ತದೆ, ಆ ಶಿಲೀಂಧ್ರದ ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಇದರ ಸೊಗಸೆಲ್ಲ ತೊಗಟೆಯಲ್ಲಿ. ಚಕ್ಕೆ ಚಕ್ಕೆಯಾಗಿ ಉದುರಿ ಒಳಗಿನಿಂದ ಬೂದು, ಹಸಿರು, ಕಿತ್ತಳೆ, ಕಂದು ಎಲ್ಲ ಒಟ್ಟಿಗೇ ಕಾಣಿಸುತ್ತವೆ. ಚಳಿಗಾಲದಲ್ಲಿ ಎಲೆಯೆಲ್ಲ ಹೋದಮೇಲೂ ಕಿಟಕಿಯಿಂದ ನೋಡಲು ಏನಾದರೂ ಇರುತ್ತದೆ. ಇಲ್ಲೊಂದು ಮೋಸ ಇದೆ, ಕೇಳು. 'ಚೈನೀಸ್ ಎಲ್ಮ್' ಅಂತ ಹೇಳಿ ಸೈಬೀರಿಯನ್ ಎಲ್ಮ್ ಮಾರುವವರಿದ್ದಾರೆ. ಬೇಕೆಂದೇ ಮಾರುತ್ತಾರೋ ತಿಳಿಯದೆ ಮಾರುತ್ತಾರೋ, ಅಂತೂ ಕೊಂಡವನಿಗೆ ತಲೆನೋವು ತಪ್ಪಿದ್ದಲ್ಲ. ಸೈಬೀರಿಯನ್ ಎಲ್ಮ್ ಬೇಗ ಬೆಳೆಯುತ್ತದೆ, ಗಾಳಿಗೆ ಹಿಮಕ್ಕೆ ಲಟಕ್ಕನೆ ಮುರಿಯುತ್ತದೆ, ಬೀಜ ಚೆಲ್ಲಿ ಅಕ್ಕಪಕ್ಕದ ಅಂಗಳವನ್ನೆಲ್ಲ ತುಂಬುತ್ತದೆ. ಎರಡನ್ನೂ ಪತ್ತೆ ಮಾಡೋದು ಕಷ್ಟವಲ್ಲ. ವಸಂತದಲ್ಲಿ ಎಲೆ ಬರುವ ಮುಂಚೆಯೇ ಹೂ ಬಿಟ್ಟರೆ ಸೈಬೀರಿಯನ್. ಬೇಸಿಗೆ ಕಳೆಯುತ್ತಾ ಬಂದಾಗ ಹೂ ಬಿಟ್ಟರೆ ಅಸಲು ಲೇಸ್‌ಬಾರ್ಕ್.

ಮತ್ತೆ ನೀನು ಫೋಟೋ ಕಳಿಸಿದ್ದ ಆ ಕೊಡೆ ಮರ. ಅದು ಕ್ಯಾಂಪರ್‌ಡೌನ್ ಎಲ್ಮ್. ಅದರ ಮೇಲೆ ನಿನಗೆ ಕಣ್ಣು ಬಿದ್ದದ್ದು ತಪ್ಪಲ್ಲ, ನನಗೂ ಬಿದ್ದಿದೆ. ಸ್ಕಾಟ್ಲೆಂಡಿನ ಡಂಡಿ ಊರಿನ ಹತ್ತಿರ ಕ್ಯಾಂಪರ್‌ಡೌನ್ ಬಂಗಲೆಯ ತೋಟದಲ್ಲಿ ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ, ನೆಟ್ಟಗೆ ನಿಲ್ಲಲಾರದೆ ನೆಲದ ಮೇಲೆ ತೆವಳುತ್ತಾ ತಿರುಚಿಕೊಂಡು ಬೆಳೆಯುತ್ತಿದ್ದ ಒಂದು ಎಲ್ಮ್ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಕಿತ್ತು ಬಿಸಾಡುತ್ತಿದ್ದರು. ಅಲ್ಲಿನ ಅರಣ್ಯ ನೋಡಿಕೊಳ್ಳುತ್ತಿದ್ದ ಡೇವಿಡ್ ಟೇಲರ್ ಅದರ ಕಡ್ಡಿ ತೆಗೆದು, ನೆಟ್ಟಗಿನ ವಿಚ್ ಎಲ್ಮ್ ಕಾಂಡದ ತುದಿಗೆ ಕಸಿ ಕಟ್ಟಿದ. ತೆವಳುವ ಗುಣದ ಕಡ್ಡಿ ಎತ್ತರದಲ್ಲಿ ಕೂತಿದ್ದರಿಂದ ಅದು ಸುತ್ತಲೂ ಇಳಿಬಿದ್ದು ಕೊಡೆಯಾಯಿತು. ಈಗ ಲೋಕದಲ್ಲಿರುವ ಕ್ಯಾಂಪರ್‌ಡೌನ್‌ಗಳೆಲ್ಲ ಆ ಒಂದೇ ಗಿಡದ ಕಡ್ಡಿಯ ಸಂತಾನ. ನ್ಯೂಯಾರ್ಕಿಗೆ ಹೋದಾಗ ಟೈಮ್ಸ್ ಸ್ಕ್ವೇರಿನಲ್ಲಿ ಸೆಲ್ಫಿ ತೆಗೆದದ್ದು ಸಾಕು, ಒಮ್ಮೆ ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕಿಗೆ ಹೋಗು. 1872ರಲ್ಲಿ ನೆಟ್ಟ ಕ್ಯಾಂಪರ್‌ಡೌನ್ ಅಲ್ಲಿದೆ. 1960ರ ದಶಕದಲ್ಲಿ ಅದು ಸಾಯುವ ಸ್ಥಿತಿಗೆ ಬಂದಾಗ ಮೇರಿಯಾನ್ ಮೂರ್ ಎಂಬ ಕವಯಿತ್ರಿ ಅದರ ಮೇಲೆ ಪದ್ಯ ಬರೆದು, ಜನರನ್ನು ಎಬ್ಬಿಸಿ, ದುಡ್ಡು ಕೂಡಿಸಿ ಉಳಿಸಿಕೊಂಡಳು.

ಕಸಿಯ ಗುಟ್ಟು ನಿನಗೆ ಗೊತ್ತಿರಬೇಕು. ನಿಮ್ಮ ತಾತನ ತೋಟದಲ್ಲಿ ಕಸಿ ಮಾವು ಇತ್ತು ತಾನೆ? ಕಸಿ ಕಟ್ಟಿದ ಗಂಟಿನ ಕೆಳಗೆ ಚಿಗುರು ಒಡೆದರೆ ಅವರು ಉಗುರಿನಲ್ಲೇ ಚಿವುಟುತ್ತಿದ್ದರು. ಇಲ್ಲೂ ಅದೇ. ಕ್ಯಾಂಪರ್‌ಡೌನ್‌ನ ಗಂಟು ಸಾಮಾನ್ಯವಾಗಿ ನಿನ್ನ ತಲೆಗಿಂತ ಸ್ವಲ್ಪ ಮೇಲೆ, ಆರೇಳು ಅಡಿಯಲ್ಲಿರುತ್ತದೆ. ಮುಟ್ಟಿ ನೋಡು, ಅಲ್ಲಿ ತೊಗಟೆಯ ಒರಟುತನವೇ ಬೇರೆ. ಅದರ ಕೆಳಗೆ, ಕಾಂಡದಲ್ಲಾಗಲಿ ಬುಡದಲ್ಲಾಗಲಿ, ನೆಟ್ಟಗೆ ಆಕಾಶ ನೋಡುವ ಚಿಗುರು ಬಂದರೆ ಅದು ವಿಚ್ ಎಲ್ಮ್‌ನದು, ಕ್ಯಾಂಪರ್‌ಡೌನ್‌ನದಲ್ಲ. ಎಳೆಯದಿರುವಾಗಲೇ ಕಿತ್ತುಬಿಡು. ನಿನ್ನ ಸ್ವಭಾವ ನನಗೆ ಗೊತ್ತು, "ಓಹೋ, ಮರ ಎಷ್ಟು ಚೆನ್ನಾಗಿ ಮೇಲೆ ಹೋಗ್ತಿದೆ" ಅಂತ ಖುಷಿಪಟ್ಟು ಅದಕ್ಕೇ ಗೊಬ್ಬರ ಹಾಕುತ್ತೀಯ. ಬೇರಿನ ಸಾರವನ್ನೆಲ್ಲ ಆ ನೆಟ್ಟನೆಯದು ಕುಡಿದುಬಿಡುತ್ತದೆ. ಕೊಡೆ ಸೊರಗುತ್ತದೆ. ಕೊನೆಗೆ ದುಬಾರಿ ದುಡ್ಡು ಕೊಟ್ಟು ಒಂದು ಸಾದಾ ವಿಚ್ ಎಲ್ಮ್ ಸಾಕಿದಂತಾಗುತ್ತದೆ. ಇನ್ನೊಂದು ಮಾತು ಮುಚ್ಚಿಡುವುದಿಲ್ಲ. ಕ್ಯಾಂಪರ್‌ಡೌನ್‌ಗೆ ಪ್ರಿನ್ಸ್‌ಟನ್‌ಗಿರುವ ರೋಗ ತಡೆಯುವ ಶಕ್ತಿ ಇಲ್ಲ. ಅಂದದ ಜೊತೆ ಆ ಅಪಾಯವನ್ನೂ ಕೊಂಡುಕೊಳ್ಳುತ್ತೀಯ ಅಂತ ತಿಳಿದೇ ಕೊಂಡುಕೋ.

ಸರಿ, ಯಾವುದೋ ಒಂದು ಆರಿಸಿದೆ ಅಂತ ಇಟ್ಟುಕೋ. ಈ ಶನಿವಾರ ನೆಡೋದು ಬೇಡ. ನರ್ಸರಿಯಲ್ಲಿ ಸೇಲ್ ಇದೆ ಅಂತೀಯ. ಜುಲೈನಲ್ಲಿ ಸೇಲ್ ಯಾಕೆ ಹಾಕುತ್ತಾರೆ ಅಂತ ಒಂದು ಸಲ ಯೋಚಿಸಿದೆಯಾ? ಆ ಕಾದ ಕಪ್ಪು ಪ್ಲಾಸ್ಟಿಕ್ ಕುಂಡಗಳಿಗೆ ದಿನಾ ನೀರು ಹೊಯ್ಯುವುದು ಅವರಿಗೂ ಸಾಕಾಗಿರುತ್ತದೆ. ಅಕ್ಟೋಬರ್, ನವೆಂಬರ್ ಮೊದಲರ್ಧ ಒಳ್ಳೆಯ ಕಾಲ. ಎಲೆ ಉದುರಿದ ಮರಕ್ಕೆ ಮೇಲೆ ಖರ್ಚಿಲ್ಲ, ನೆಲ ಇನ್ನೂ ಬೆಚ್ಚಗಿರುತ್ತದೆ, ಬೇರು ತನ್ನ ಪಾಡಿಗೆ ಹರಡಿಕೊಳ್ಳುತ್ತದೆ. ತಪ್ಪಿದರೆ ಮಾರ್ಚ್ ಕೊನೆಯಲ್ಲಿ ನೆಡು.

ಗುಂಡಿ ತೋಡುವ ಮುಂಚೆ 811ಕ್ಕೆ ಫೋನು ಮಾಡು. ಬಿಟ್ಟಿ ಸೇವೆ, ಕಾನೂನೂ ಹೌದು. ಗ್ಯಾಸ್, ಕರೆಂಟ್ ಎಲ್ಲಿ ಹೋಗುತ್ತದೆ ಅಂತ ಬಂದು ಬಣ್ಣದಲ್ಲಿ ಗುರುತು ಹಾಕಿ ಹೋಗುತ್ತಾರೆ. ಗುರುತು ಹಾಕಲು ಅವರಿಗೆ ಕೆಲವು ದಿನ ಬೇಕು, ಗುದ್ದಲಿ ಹಿಡಿದುಕೊಂಡು ಫೋನು ಮಾಡಬೇಡ.

ಗುಂಡಿ ಅಂದರೆ ನಿಮಗೆಲ್ಲ ಆಳ. ನಮ್ಮ ಕಡೆ ತೆಂಗಿಗೆ ಮೂರಡಿ ತೋಡಿದ ನೆನಪಿನಲ್ಲಿ ಇಲ್ಲೂ ತೋಡುತ್ತೀರಿ. ಎಲ್ಮ್‌ಗೆ ಆಳ ಬೇಡ, ಅಗಲ ಬೇಕು. ಬೇರಿನ ಗಡ್ಡೆ ಎಷ್ಟು ಎತ್ತರ ಇದೆಯೋ ಅಷ್ಟೇ ಆಳ, ಅದರ ಎರಡರಷ್ಟೋ ಮೂರರಷ್ಟೋ ಅಗಲ. ಈಗ ಮುಖ್ಯವಾದದ್ದಕ್ಕೆ ಬಂದೆ. ಕಾಂಡ ನೆಲ ಸೇರುವ ಕಡೆ ಸ್ವಲ್ಪ ಅಗಲವಾಗಿ ಬೇರಿನತ್ತ ಇಳಿಯುವ ಜಾಗ ಇರುತ್ತದೆ. ಅದು ಕಣ್ಣಿಗೆ ಕಾಣುವಂತೆ, ಮಣ್ಣಿನ ಮಟ್ಟಕ್ಕಿಂತ ಒಂದು ಕೂದಲು ಮೇಲೆಯೇ ಇರಬೇಕು. ನರ್ಸರಿಯವರೇ ಕುಂಡದಲ್ಲಿ ಅದರ ಮೇಲೆ ನಾಲ್ಕಂಗುಲ ಮಣ್ಣು ತುಂಬಿರುತ್ತಾರೆ. ಕಾಂಡ ಬೇಲಿ ಗೂಟದ ಹಾಗೆ ನೇರ ಮಣ್ಣೊಳಗೆ ಇಳಿದಿದ್ದರೆ ಅನುಮಾನಪಡು. ಬೆರಳಲ್ಲಿ ಮಣ್ಣು ಕೆದರುತ್ತಾ ಹೋಗು, ಮೊದಲ ದಪ್ಪ ಬೇರು ಸಿಗುವವರೆಗೆ. ಅದು ಸಿಕ್ಕ ಮಟ್ಟವೇ ನಿನ್ನ ನೆಲದ ಮಟ್ಟ. ಕುಂಡದೊಳಗೆ ಸುತ್ತಿ ಸುತ್ತಿ ಬೆಳೆದ ಬೇರುಗಳಿದ್ದರೆ ಕರುಣೆ ತೋರಿಸಬೇಡ, ಕತ್ತರಿಸು ಇಲ್ಲ ಬಿಡಿಸಿ ಹೊರಗೆ ಹರಡು. ಹಾಗೇ ಬಿಟ್ಟರೆ ಮುಂದೊಂದು ದಿನ ಆ ಬೇರೇ ಕಾಂಡದ ಕುತ್ತಿಗೆ ಹಿಸುಕುತ್ತದೆ. ಗೋಣಿ ಸುತ್ತಿದ ಮರ ತಂದಿದ್ದರೆ ಗುಂಡಿಯಲ್ಲಿ ಕೂರಿಸಿದಮೇಲೆ ಗೋಣಿ, ಹಗ್ಗ, ಮೇಲರ್ಧದ ತಂತಿ ಬುಟ್ಟಿ ಎಲ್ಲ ತೆಗೆದುಹಾಕು. ತೋಡಿದ ಮಣ್ಣನ್ನೇ ವಾಪಸ್ಸು ತುಂಬು. ಚೀಲದ ಮಣ್ಣು, ಸೆಗಣಿ ಗೊಬ್ಬರ ಅಂತ ಗುಂಡಿಯನ್ನು ಮೃಷ್ಟಾನ್ನ ಮಾಡಿದರೆ ಬೇರು ಆ ಗುಂಡಿ ಬಿಟ್ಟು ಆಚೆ ಹೋಗುವುದೇ ಇಲ್ಲ. ಅಮ್ಮನ ಅಡುಗೆ ಬಿಟ್ಟು ಹಾಸ್ಟೆಲಿಗೆ ಹೋಗಲಾರದೆ ನೀನು ಅತ್ತದ್ದು ನಿಮ್ಮಮ್ಮ ಹೇಳಿದ್ದಾಳೆ, ಬಿಡು.

ಮೇಲೆ ಹೊದಿಸುವ ಮರದ ಚೂರಿನ ವಿಷಯ. ನಿನ್ನ ಬೀದಿಯಲ್ಲಿ ಒಂದು ಸುತ್ತು ನಡೆದು ಬಾ. ಮನೆಮನೆಯಲ್ಲೂ ಮರದ ಬುಡಕ್ಕೆ ಮಲ್ಚ್ ಗುಡ್ಡೆ ಹಾಕಿ, ಕಾಂಡಕ್ಕೆ ಒತ್ತಿ, ಶಿಖರ ಕಟ್ಟಿರುತ್ತಾರೆ. ಇಲ್ಲಿಯವರೇ ಅದಕ್ಕೆ ಜ್ವಾಲಾಮುಖಿ ಅಂತ ಹೆಸರಿಟ್ಟು ನಗುತ್ತಾರೆ, ಆದರೂ ಪ್ರತಿ ವಸಂತದಲ್ಲಿ ಲ್ಯಾಂಡ್‌ಸ್ಕೇಪಿನವರು ಬಂದು ಮತ್ತೆ ಪೇರಿಸುತ್ತಾರೆ. ಆ ಒದ್ದೆಯಲ್ಲಿ ತೊಗಟೆ ಕೊಳೆಯುತ್ತದೆ, ಇಲಿ ಸೇರಿಕೊಂಡು ಕಾಂಡ ಕಡಿಯುತ್ತದೆ. ಎರಡು ಮೂರು ಅಂಗುಲ ದಪ್ಪ, ಅಗಲವಾಗಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹರಡು. ಅದರಿಂದ ಇನ್ನೊಂದು ಲಾಭ, ಹುಲ್ಲು ಕತ್ತರಿಸುವವರ ದಾರದ ಮೆಷಿನ್ನು ಕಾಂಡದ ಹತ್ತಿರ ಬರುವುದಿಲ್ಲ. ಎಳೆ ಮರಗಳನ್ನು ರೋಗಕ್ಕಿಂತ ಹೆಚ್ಚು ಆ ದಾರವೇ ಗಾಯ ಮಾಡುತ್ತದೆ ಅಂತ ನನ್ನ ಅನುಭವ. ಶರತ್ಕಾಲದಲ್ಲಿ ಜಿಂಕೆಗಳು ಕೊಂಬು ಉಜ್ಜಲು ಬರುತ್ತವೆ, ಹೆಬ್ಬೆರಳು ದಪ್ಪದ ಕಾಂಡ ಅಂದರೆ ಅವಕ್ಕೆ ಬಲು ಇಷ್ಟ. ಮೊದಲ ಕೆಲವು ವರ್ಷ ಸುತ್ತ ಜಾಲರಿ ನಿಲ್ಲಿಸು.

ನೀರು. ಹುಲ್ಲಿಗೆ ಸ್ಪ್ರಿಂಕ್ಲರ್ ಇದೆಯಲ್ಲ, ಮರಕ್ಕೂ ಬೀಳುತ್ತದೆ ಅಂತ ಸಮಾಧಾನ ಮಾಡಿಕೊಳ್ಳಬೇಡ. ಅದು ಮೇಲಿನ ಒಂದಂಗುಲ ತೋಯಿಸಿ ಸುಮ್ಮನಾಗುತ್ತದೆ. ಮೊದಲ ಎರಡು ಮೂರು ಬೇಸಿಗೆ ವಾರಕ್ಕೊಮ್ಮೆ, ಸೆಖೆ ಜೋರಿದ್ದರೆ ಎರಡು ಸಲ, ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಹಾಯಿಸು. ಪೈಪನ್ನು ಸಣ್ಣಗೆ ಬಿಟ್ಟು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಾ. ಕಾಂಡಕ್ಕೆ ಜಿಪ್ ಹಾಕಿ ನಿಲ್ಲಿಸುವ ಹಸಿರು ನೀರಿನ ಚೀಲ ಸಿಗುತ್ತದೆ, ಅದೂ ಆದೀತು. ಹಾಕುವ ಮುಂಚೆ ಮಲ್ಚ್ ಸರಿಸಿ ಮಣ್ಣಿಗೆ ಬೆರಳಿಡು. ಒದ್ದೆ ಇದ್ದರೆ ಬೇಡ. ಇಲ್ಲಿನ ಜೇಡಿಮಣ್ಣಿನಲ್ಲಿ ನೀರು ನಿಂತು ಸತ್ತ ಮರಗಳೂ ಉಂಟು.

ಆದರೆ ಇಲ್ಲಿ ನಮ್ಮವರು ಕೈಕೊಡುವುದು ಬೇರೆ ಕಡೆ. ಜೂನ್‌ನಲ್ಲಿ ಮಕ್ಕಳಿಗೆ ಶಾಲೆ ಮುಗಿಯಿತು ಅಂದರೆ ಸೂಟ್‌ಕೇಸ್ ಕಟ್ಟಿ ಊರಿಗೆ ಹೊರಡುತ್ತೀರಿ, ಆಗಸ್ಟ್ ಕೊನೆಗೆ ಬರುತ್ತೀರಿ. ಮರಕ್ಕೆ ಬಾಯಾರುವುದು ಆ ತಿಂಗಳುಗಳಲ್ಲೇ. ಅಂಚೆ ತೆಗೆದಿಡಲು ಪಕ್ಕದ ಮನೆಯವರಿಗೆ ಹೇಳುತ್ತೀಯ, ಮರದ ಮಾತು ನೆನಪಾಗುವುದು ವಿಮಾನ ಹತ್ತಿದಮೇಲೆ. ಪಕ್ಕದ ಮನೆಯ ಹುಡುಗನಿಗೆ ವಾರಕ್ಕೆ ಇಷ್ಟು ಡಾಲರ್ ಅಂತ ಮಾತಾಡಿ, ಹೋಗುವ ಮುಂಚೆ ಎದುರಿಗೇ ಒಂದು ಸಲ ನೀರು ಹಾಕಿಸಿ ನೋಡು.

ಈಗ ಕತ್ತರಿ. ನಿನ್ನ ಕೈಯಲ್ಲಿ ಕತ್ತರಿ ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಮ್‌ನ ಹಸಿ ಕೊಂಬೆ ಕತ್ತರಿಸಬೇಡ. ಆ ಹಸಿಗಾಯದ ವಾಸನೆ ಹಿಡಿದು ತೊಗಟೆ ಕೊರೆಯುವ ಸಣ್ಣ ದುಂಬಿಗಳು ಬರುತ್ತವೆ. ಆ ರೋಗದ ಶಿಲೀಂಧ್ರವನ್ನು ಮೈಗೆ ಮೆತ್ತಿಕೊಂಡು ತರುವುದು ಅವೇ. ಜನವರಿ, ಫೆಬ್ರವರಿಯಲ್ಲಿ ದುಂಬಿಯೂ ಇರುವುದಿಲ್ಲ, ಎಲೆಯೂ ಇರುವುದಿಲ್ಲ, ಮರದ ಎಲುಬಿನ ಗೂಡು ಸ್ಪಷ್ಟವಾಗಿ ಕಾಣುತ್ತದೆ. ಕೋಟು ಹಾಕಿಕೊಂಡು ಹೊರಗೆ ಬಾ, ಸುತ್ತ ನಡೆದು ನೋಡು, ಆಮೇಲೆ ಕೈ ಹಾಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಿಮ್ಮಪ್ಪ ನಿನಗೆ ಹೇಳಿ ಹೇಳಿ ಸಾಕು ಮಾಡಿರಬೇಕು. ಪ್ರಿನ್ಸ್‌ಟನ್ ಎಲ್ಮ್ ವಿಷಯದಲ್ಲಿ ಆ ಗಾದೆ ಅಕ್ಷರಶಃ ನಿಜ. ಈ ತಳಿಗೆ ಒಂದು ಚಾಳಿ ಇದೆ. ಒಂದೇ ಜಾಗದಿಂದ ಎರಡು ಮೂರು ಕವಲು ಒಂದಕ್ಕೊಂದು ಪೈಪೋಟಿಯ ಮೇಲೆ ಮೇಲಕ್ಕೆ ಹೋಗುತ್ತವೆ, ಅವುಗಳ ನಡುವಿನ ಸಂದು ತೀರಾ ಇಕ್ಕಟ್ಟು. ಆ ಸಂದಿನಲ್ಲಿ ಎರಡೂ ಕಡೆಯ ತೊಗಟೆ ಒಳಮುಖವಾಗಿ ಸಿಕ್ಕಿಕೊಂಡು, ಮರಕ್ಕೆ ಮರ ಬೆಸೆಯುವುದೇ ಇಲ್ಲ. ನೋಡಲು ಗಟ್ಟಿ, ಒಳಗೆ ಟೊಳ್ಳು ಒಪ್ಪಂದ. ಹೊರೆ ಹಿಮ ಕೂತ ರಾತ್ರಿ ಅರ್ಧ ಮರ ಸೀಳಿ ಡ್ರೈವ್‌ವೇ ಮೇಲೆ, ನಿನ್ನ ಟೆಸ್ಲಾ ಮೇಲೆ. ಎಳೆಯದಿದ್ದಾಗ ಮಾಡಿದರೆ ಕೈಗರಗಸದ ಕೆಲಸ. ಯಾವುದು ನಡುಕಾಂಡ ಆಗಬೇಕು ಅಂತ ಒಂದನ್ನು ಆರಿಸು, ಅದಕ್ಕೆ ಎದುರಾಳಿಯಾದದ್ದನ್ನು ಗಿಡ್ಡ ಮಾಡು ಇಲ್ಲ ತೆಗೆ. ಒಂದೇ ವರ್ಷದಲ್ಲಿ ಎಲ್ಲ ಸರಿಮಾಡುತ್ತೇನೆ ಅಂತ ಹೊರಡಬೇಡ, ಹಸಿರಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಒಂದು ಸಲಕ್ಕೆ ಹೋಗಬಾರದು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯಿದೆಯಲ್ಲ, ಅದರ ಹೊರಗೆ ಕೊಯ್ಯಿ. ಬಳೆಯನ್ನು ಕೊಯ್ದರೆ ಗಾಯ ಮುಚ್ಚುವುದಿಲ್ಲ, ಮೊಳದುದ್ದ ಮೋಟು ಬಿಟ್ಟರೆ ಅದು ಕೊಳೆತು ಒಳಗೆ ಇಳಿಯುತ್ತದೆ. ಭಾರದ ಕೊಂಬೆಗೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದುಕೋ, ಇಲ್ಲದಿದ್ದರೆ ಬೀಳುವಾಗ ತೊಗಟೆ ಸುಲಿದುಕೊಂಡು ಹೋಗುತ್ತದೆ.

ಏಣಿ ಹತ್ತುವ ಎತ್ತರವಾದಮೇಲೆ ನೀನೂ ಬೇಡ, ಭಾನುವಾರ ಬಾಗಿಲು ತಟ್ಟಿ "ಮರ ಕತ್ತರಿಸಬೇಕಾ" ಅಂತ ಕೇಳುವವನೂ ಬೇಡ. ಈ ರಾಜ್ಯದಲ್ಲಿ ಮರದ ಕೆಲಸದವರಿಗೆ ಲೈಸೆನ್ಸ್ ಇರುತ್ತದೆ, ಕೇಳಿ ನೋಡು. ಮರದ ತಲೆಯನ್ನೇ ಸಮ ಮಾಡಿಕೊಡುತ್ತೇನೆ ಅಂದವನನ್ನು ಕಾಫಿ ಕೊಟ್ಟು ಕಳಿಸಿಬಿಡು.

ಜೂನ್ ಕೊನೆಗೆ ತಾಮ್ರದ ಬಣ್ಣದ ರೆಕ್ಕೆ, ಹಸಿರು ಕುತ್ತಿಗೆಯ ದುಂಬಿಗಳು ಎಲೆಯ ಮೇಲೆ ಗುಂಪುಗಟ್ಟಿರುತ್ತವೆ. ಜಪಾನೀಸ್ ಬೀಟಲ್. ಇದು ನಮ್ಮ ನ್ಯೂಜೆರ್ಸಿಯ ಹೆಮ್ಮೆ. 1916ರಲ್ಲಿ ಅಮೆರಿಕದಲ್ಲೇ ಮೊದಲ ಬಾರಿಗೆ ಸಿಕ್ಕಿದ್ದು ಇಲ್ಲೇ, ರಿವರ್ಟನ್ ಬಳಿಯ ಒಂದು ನರ್ಸರಿಯಲ್ಲಿ. ಎಲೆಯ ನರ ಮಾತ್ರ ಬಿಟ್ಟು ನಡುವಿನದನ್ನೆಲ್ಲ ತಿಂದು ಜರಡಿ ಮಾಡುತ್ತವೆ. ನೀನು ಗಾಬರಿಯಾಗಿ ಅಂಗಡಿಗೆ ಓಡಿ ಹಳದಿ ಚೀಲದ ಬೋನು ತಂದು ಮರಕ್ಕೇ ನೇತುಹಾಕುತ್ತೀಯ. ಆ ವಾಸನೆಗೆ ಇಡೀ ಬಡಾವಣೆಯ ದುಂಬಿಗಳು ನಿನ್ನ ಮನೆಗೆ ಔತಣಕ್ಕೆ ಬರುತ್ತವೆ, ಬೋನಿಗೆ ಬೀಳುವುದು ಕೆಲವು, ಮರಕ್ಕೆ ಕೂರುವುದು ಉಳಿದವು. ಬೋನು ಬೇಡ. ಬೆಳಗಿನ ತಂಪಿಗೆ ಅವು ಮಂಕಾಗಿರುತ್ತವೆ. ಒಂದು ಡಬ್ಬಿಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು ತುಂಬಿಕೊಂಡು, ಎಲೆಯ ಕೆಳಗೆ ಹಿಡಿದು ರೆಂಬೆಯನ್ನು ಒಮ್ಮೆ ತಟ್ಟು. ಹಾರುವ ಬದಲು ಕೆಳಕ್ಕೆ ಉದುರುತ್ತವೆ, ಪಟಪಟನೆ ಡಬ್ಬಿಗೆ ಬೀಳುತ್ತವೆ. ನಿನ್ನ ಮಗಳನ್ನು ಕರೆದುಕೋ, ಎಣಿಸುವ ಕೆಲಸ ಅವಳಿಗೆ ಕೊಡು. ಎತ್ತರದಲ್ಲಿರುವುವನ್ನು ಬಿಟ್ಟುಬಿಡು. ಗಟ್ಟಿಮುಟ್ಟಾದ ಮರ ಒಂದು ಬೇಸಿಗೆ ಹರಿದ ಸೀರೆ ಉಟ್ಟರೆ ಸಾಯುವುದಿಲ್ಲ.

ಸಾಯಿಸುವುದು ಬೇರೆ. ಜೂನ್ ಜುಲೈನಲ್ಲಿ ಉಳಿದ ಮರವೆಲ್ಲ ಹಸಿರಾಗಿದ್ದು ಯಾವುದೋ ಒಂದೇ ಕೊಂಬೆಯ ಎಲೆಗಳು ಬಾಡಿ, ಹಳದಿಯಾಗಿ, ಕಂದಾಗಿ ಜೋತುಬಿದ್ದರೆ, "ಬಿಸಿಲಿಗೆ ಹೀಗಾಗಿರಬೇಕು, ಮುಂದಿನ ವಾರ ನೋಡೋಣ" ಅನ್ನಬೇಡ. ಎಲ್ಲದಕ್ಕೂ ಆತುರಪಡುವ ನೀನು ಇಂಥದ್ದಕ್ಕೇ ನಿಧಾನ ಮಾಡುತ್ತೀಯ. ಆ ಕೊಂಬೆಯ ಒಂದು ಕಡ್ಡಿ ಮುರಿದು ತೊಗಟೆ ಸುಲಿ. ಕೆಳಗಿನ ಬಿಳಿ ಮರದಲ್ಲಿ ಕಂದು ಗೆರೆಗಳು ಉದ್ದಕ್ಕೆ ಓಡಿದ್ದರೆ ಶಿಲೀಂಧ್ರ ಒಳಗಿದೆ. ಅದನ್ನು ತಡೆಯಲು ಮರ ತನ್ನ ನೀರಿನ ನಾಳಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಶತ್ರುವಿನ ಜೊತೆ ತನಗೂ ನೀರು ನಿಂತುಹೋಗಿ ಬಾಡುತ್ತದೆ. ಕಡ್ಡಿಯನ್ನು ರಟ್ಗರ್ಸ್ ವಿಶ್ವವಿದ್ಯಾಲಯದ ಸಸ್ಯರೋಗ ಪ್ರಯೋಗಾಲಯಕ್ಕೆ ಕಳಿಸಿ ಖಾತ್ರಿ ಮಾಡಿಕೋ, ಅಂದೇ ಲೈಸೆನ್ಸ್ ಇರುವವನನ್ನೂ ಕರೆಸು. ಗೆರೆ ಕಂಡ ಜಾಗಕ್ಕಿಂತ ಬಹಳ ಕೆಳಗೆ, ಸ್ವಚ್ಛ ಮರ ಸಿಗುವವರೆಗೆ ಕೊಯ್ದರೆ ಕೆಲವೊಮ್ಮೆ ಉಳಿಯುತ್ತದೆ. ಬೇಸಿಗೆಯಲ್ಲಿ ಕತ್ತರಿ ಬೇಡ ಅಂದವಳು ನಾನೇ, ಇದೊಂದಕ್ಕೆ ಮಾತ್ರ ಆ ನಿಯಮ ಇಲ್ಲ. ಪಕ್ಕದಲ್ಲಿ ಇನ್ನೊಂದು ಎಲ್ಮ್ ಇದ್ದರೆ ನೆಲದಡಿಯಲ್ಲಿ ಬೇರಿಗೆ ಬೇರು ಕೂಡಿಕೊಂಡು ರೋಗ ಅದಕ್ಕೂ ದಾಟುತ್ತದೆ, ಅದನ್ನೂ ಅವನಿಗೆ ತಪ್ಪದೆ ಹೇಳು. ಮರ ಹೋಯಿತು ಅಂತಲೇ ಆದರೆ ತೊಗಟೆ ಸಮೇತ ಸೌದೆ ಮಾಡಿ ಬೆಂಕಿಗೂಡಿಗೆ ಅಂತ ಹಿತ್ತಲಲ್ಲಿ ಪೇರಿಸಬೇಡ. ಆ ತೊಗಟೆಯಡಿಯಲ್ಲೇ ದುಂಬಿ ಮರಿ ಮಾಡಿ, ಮುಂದಿನ ವಸಂತಕ್ಕೆ ಬೀದಿಯ ಉಳಿದ ಎಲ್ಮ್‌ಗಳ ಮೇಲೆ ಹೋಗುತ್ತದೆ.

ಅಯ್ಯೋ, ಹೆದರಿಸಿಬಿಟ್ಟೆನೇನೋ. ಹಾಗಲ್ಲ ಕಣೋ, ಎಲ್ಮ್ ನಿನಗೆ ಪರದೇಶಿಯೇನಲ್ಲ. ನಮ್ಮ ಮೈಸೂರು ಸೀಮೆಯ ತಪಸಿ ಮರ ನೆನಪಿದೆಯೇ? ಅದೂ ಎಲ್ಮ್ ಕುಟುಂಬದ್ದೇ. ಎಲೆ ಹಿಸುಕಿದರೆ ಮೂಗು ಮುಚ್ಚಿಕೊಳ್ಳಬೇಕು, ಆದರೆ ಬೇಸಿಗೆ ಮುಂಚೆ ಎಲೆ ಉದುರಿ ಬೋಳಾದ ಮರದ ತುಂಬ ರೆಕ್ಕೆಬೀಜಗಳ ಗೊಂಚಲು. ನಡುವೆ ಒಂದು ಬೀಜ, ಸುತ್ತ ತೆಳ್ಳನೆಯ ಹಾಳೆ. ಇಲ್ಲಿನ ಎಲ್ಮ್‌ಗೂ ಅಂಥದ್ದೇ ಬೀಜ, ಗಾತ್ರದಲ್ಲಿ ಚಿಕ್ಕದು. ಮೇ ತಿಂಗಳಲ್ಲಿ ವಾಷಿಂಗ್ಟನ್ ರೋಡಿನಲ್ಲಿ ನಡೆದರೆ ಕಾಲಡಿ ಸಿಗುತ್ತದೆ. ಎಲೆಯನ್ನೂ ತಿರುಗಿಸಿ ನೋಡು. ಅಮೆರಿಕನ್ ಎಲ್ಮ್ ಎಲೆಯ ಬುಡ ತೊಟ್ಟಿನ ಹತ್ತಿರ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ, ಸಮ ಇರುವುದಿಲ್ಲ. ಮುಟ್ಟಿದರೆ ಒರಟು. ಮಗಳಿಗೆ ತೋರಿಸು, ಒಂದು ಸಲ ಗುರುತು ಹತ್ತಿದರೆ ಅವಳು ಮರೆಯುವುದಿಲ್ಲ. ಬೀಜದಿಂದಲೇ ಬೆಳೆಸುತ್ತೇನೆ ಅಂತ ಮಾತ್ರ ಹೊರಡಬೇಡ. ಮೊಳೆಯುತ್ತದೆ, ಆದರೆ ಪ್ರಿನ್ಸ್‌ಟನ್‌ನ ಬೀಜದಿಂದ ಪ್ರಿನ್ಸ್‌ಟನ್ ಹುಟ್ಟುವುದಿಲ್ಲ, ರೋಗ ತಡೆಯುವ ಗುಣವೂ ಜೊತೆಗೆ ಬರುತ್ತದೆ ಅಂತ ನಂಬುವಂತಿಲ್ಲ.

ಈ ಶನಿವಾರ ಏನು ಮಾಡಬೇಕು ಅಂತ ಚಡಪಡಿಸುತ್ತಿದ್ದೀಯ. ಕೆಲಸ ಕೊಡುತ್ತೇನೆ. ಅಳತೆ ಟೇಪು ತಗೊಂಡು ಅಂಗಳಕ್ಕೆ ಇಳಿ. ಗೋಡೆಯಿಂದ ಮೂವತ್ತು ಅಡಿ ಅಳೆದು ಒಂದು ಕೋಲು ನೆಡು, ಅದರ ಸುತ್ತ ಇಪ್ಪತ್ತು ಇಪ್ಪತ್ತೈದು ಅಡಿಗೆ ಪೈಪನ್ನು ದುಂಡಗೆ ಹಾಸು. ಆ ವೃತ್ತದೊಳಗೆ ಏನೇನು ಬರುತ್ತದೆ ಅಂತ ಬರೆದುಕೋ. ತಂತಿ, ಬೇಲಿ, ಪಕ್ಕದವರ ಈಜುಕೊಳ, ನಿನ್ನ ಹೆಂಡತಿಯ ಡೆಕ್ಕು. ಬರೆದದ್ದನ್ನು ಅವಳಿಗೆ ತೋರಿಸಿ, ಮೂರು ಮರದಲ್ಲಿ ಯಾವುದು ಅಂತ ಇಬ್ಬರೂ ಕೂತು ತೀರ್ಮಾನ ಮಾಡಿ. ಆಮೇಲೆ ಅಕ್ಟೋಬರ್‌ನಲ್ಲಿ 811ರವರು ಗುರುತು ಹಾಕಿ ಹೋದ ಮಾರನೆಯ ದಿನ ನನಗೆ ಫೋನು ಮಾಡು. ಗುದ್ದಲಿ ನನ್ನದೇ ತರುತ್ತೇನೆ, ನಿನ್ನ ಗ್ಯಾರೇಜಿನಲ್ಲಿರುವುದು ನೋಡಿದೆ, ಅದು ಹೂಕುಂಡಕ್ಕೆ ಸರಿ. ಮಧ್ಯಾಹ್ನದ ಊಟಕ್ಕೆ ಬಿಸಿಬೇಳೆಬಾತ್ ಇರಲಿ.